ಜಾವಗಲ್ಲಿನಲ್ಲೊಂದು ರೇಸ್ ಕಾರು

ನೆಟ್ಟಗೆ ಒಂದು ಮೊಳೆ ಹೊಡೆಯಲು ನನಗೆ ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ನಾನು ಮನೆಯಲ್ಲೇ ಒಂದು ರೇಸ್ ಕಾರು ಕಟ್ಟಿದೆ ಎಂದಾಗ ನೀವು ನನ್ನನ್ನು ಏನೋ ದೊಡ್ಡ ಕಸುಬುದಾರ ಎಂದುಕೊಂಡುಬಿಡುತ್ತೀರಿ. ನಮ್ಮ ಮನೆಯ ಕ್ಯಾಲೆಂಡರುಗಳು ಒಂದು ಕಡೆಗೆ ವಾಲಿಕೊಂಡೇ ವರ್ಷ ಕಳೆಯುತ್ತವೆ. ಗೋಡೆಗೆ ಏನಾದರೂ ತೂಗುಹಾಕಬೇಕಾದರೆ ನನ್ನ ಹೆಂಡತಿ ಸರೋಜ ನಾನು ಕಾಲೇಜಿಗೆ ಹೊರಡುವುದನ್ನೇ ಕಾಯುತ್ತಾಳೆ.

ಕಾಲೇಜು ಇರುವುದು ಬೇಲೂರಿನಲ್ಲಿ, ಮನೆ ಜಾವಗಲ್ಲಿನಲ್ಲಿ. ನಾನು ಹೇಳುವ ಪಾಠ ಇತಿಹಾಸ. ದಿನವೂ ಹಳೇಬೀಡಿನ ಮೇಲೆ ಬಸ್ಸಿನಲ್ಲಿ ಹೋಗಿ ಹಳೇಬೀಡಿನ ಮೇಲೆಯೇ ಬರುತ್ತೇನೆ. ಇತಿಹಾಸದ ಮೇಷ್ಟ್ರಿಗೆ ಇದಕ್ಕಿಂತ ಒಳ್ಳೆಯ ದಾರಿ ಇನ್ನೊಂದಿಲ್ಲ ಎಂದು ಜೊತೆಯವರು ಹೇಳುತ್ತಾರೆ. ಹಳೇಬೀಡು ಬರುವ ಹೊತ್ತಿಗೆ ನನಗೆ ಸಾಮಾನ್ಯವಾಗಿ ನಿದ್ದೆ ಹತ್ತಿರುತ್ತದೆ ಎಂಬುದನ್ನು ಅವರಿಗೆ ಹೇಳಿಲ್ಲ.

ಇಂಥವನಿಗೆ ರೇಸ್ ಕಾರಿನ ಹುಚ್ಚು ಹಿಡಿದದ್ದು ಕ್ಷೌರದಂಗಡಿಯಲ್ಲಿ. ನಾನು ಚಿಕ್ಕವನಾಗಿದ್ದಾಗ ನಮ್ಮೂರ ಕ್ಷೌರದಂಗಡಿಯ ಗೋಡೆಗೆ ಯಾವುದೋ ಪತ್ರಿಕೆಯಿಂದ ಕತ್ತರಿಸಿದ, ಹಳೆಯ ಕಾಲದ ಒಂದು ರೇಸ್ ಕಾರಿನ ಚಿತ್ರ ಅಂಟಿಸಿದ್ದರು. ಉದ್ದ ಮೂತಿ, ಸೈಕಲ್ಲಿನದರಂಥ ಕಡ್ಡಿಯ ಚಕ್ರಗಳು, ಮೇಲೆ ಚಾವಣಿಯಿಲ್ಲ, ಬಾಗಿಲಿಲ್ಲ. ಒಳಗೆ ಕನ್ನಡಕ ಕಟ್ಟಿಕೊಂಡ ಒಬ್ಬ ಮನುಷ್ಯ ಎದುರುಗಾಳಿಗೆ ಹಲ್ಲು ಕಚ್ಚಿ ಕೂತಿದ್ದಾನೆ. ತಲೆ ಬಗ್ಗಿಸು ಎಂದು ಕ್ಷೌರದವನು ಕತ್ತು ಒತ್ತಿದರೂ ನಾನು ಕಣ್ಣನ್ನು ಮಾತ್ರ ಮೇಲಕ್ಕೆತ್ತಿ ಅದನ್ನೇ ನೋಡುತ್ತಿದ್ದೆ. ಇಂದಿನ ಕಾರುಗಳು ತಮ್ಮ ಕರುಳನ್ನೆಲ್ಲ ಮುಚ್ಚಿಕೊಂಡು ಓಡುತ್ತವೆ. ಅದು ಹಾಗಲ್ಲ, ಚಕ್ರ ತಿರುಗುವುದು, ಸರಳು ಎಳೆಯುವುದು, ಹೊಗೆ ಹೋಗುವುದು ಎಲ್ಲವೂ ಹೊರಗೇ ಕಾಣುತ್ತಿತ್ತು. ಐವತ್ತು ದಾಟಿದ ಮೇಲೆ ಒಂದು ದಿನ ಕನ್ನಡಿಯಲ್ಲಿ ಉಳಿದ ಕೂದಲನ್ನು ನೋಡಿಕೊಳ್ಳುತ್ತಿದ್ದಾಗ ಆ ಕಾರು ನೆನಪಾಯಿತು. ಕೂದಲು ಹೋಗಿತ್ತು, ಕಾರು ಹೋಗಿರಲಿಲ್ಲ.

ಶಾಲೆಯ ಮಕ್ಕಳನ್ನು ಹೊತ್ತು ಹೊತ್ತು ಸವೆದ ಒಂದು ವ್ಯಾನಿನ ಎಂಜಿನ್ ಸಿಕ್ಕಿತು. ಹಳೆಯ ಮೋಟಾರ್ ಸೈಕಲ್ಲುಗಳ ಚಕ್ರಗಳನ್ನು ಒಂದೊಂದಾಗಿ ಕೂಡಿಸಿದೆ. ಹಿತ್ತಲಿನಲ್ಲಿ ತೆಂಗಿನಕಾಯಿ ಹಾಕುತ್ತಿದ್ದ ಶೆಡ್ಡನ್ನು ಖಾಲಿ ಮಾಡಿದೆ. ಅಲ್ಲಿಗೆ ನನ್ನ ಸಾಮರ್ಥ್ಯ ಮುಗಿಯಿತು. ಆಗ ಯಾರೋ ಅರಸೀಕೆರೆಯ ಶಿವಣ್ಣನ ಹೆಸರು ಹೇಳಿದರು.

ಶಿವಣ್ಣ ಟಿಂಕರಿಂಗ್ ಕೆಲಸದವರು. ಗುದ್ದಿಸಿಕೊಂಡು ನುಗ್ಗಾದ ಬಸ್ಸು ಲಾರಿಗಳ ತಗಡನ್ನು ಬಡಿದು ಮೊದಲಿನಂತೆ ಮಾಡುವುದರಲ್ಲೇ ಅವರ ನಲವತ್ತು ವರ್ಷ ಕಳೆದಿತ್ತು. ಆ ಬಡಿತದಲ್ಲಿ ಕಿವಿಯೂ ಬಹುಪಾಲು ಹೋಗಿತ್ತು. ಕೆಲಸ ಬಿಟ್ಟು ಮಗನ ಮನೆಯಲ್ಲಿದ್ದರು. ನಾನು ಕಾರಿನ ಚಿತ್ರ ಬರೆದುಕೊಂಡು ಹೋಗಿ ತೋರಿಸಿದೆ. ನನ್ನ ಚಿತ್ರಕಲೆ ಮೊಳೆ ಹೊಡೆಯುವುದಕ್ಕಿಂತ ಸ್ವಲ್ಪ ವಾಸಿ, ಅಷ್ಟೆ. ಶಿವಣ್ಣ ಕಾಗದವನ್ನು ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಹಿಡಿದು ನೋಡಿದರು.

"ಇದು ಮೀನಾ ಮೇಷ್ಟ್ರೇ?"

"ಕಾರು ಶಿವಣ್ಣ. ರೇಸ್ ಕಾರು."

"ಎಲ್ಲಿ ಗುದ್ದೈತೆ?"

"ಗುದ್ದಿಲ್ಲ. ಹೊಸದಾಗಿ ಮಾಡಬೇಕು."

ಅವರು ಕಾಗದ ಕೆಳಗಿಟ್ಟರು. "ಸೊಟ್ಟ ಆಗಿದ್ನ ನೆಟ್ಟಗೆ ಮಾಡಿದ್ದೇ ಆಯ್ತು ಕಣ್ರೀ ನನ್ ಜೀವಮಾನ. ಹೊಸದಾಗಿ ಒಂದ್ನೂ ಮಾಡ್ಲಿಲ್ಲ" ಎಂದರು. ಬರುತ್ತೇನೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಮುಂದಿನ ಭಾನುವಾರ ಬೆಳಗಿನ ಬಸ್ಸಿಗೆ ಒಂದು ಗೋಣಿಚೀಲದಲ್ಲಿ ಹುಣಸೆಮರದ ಕೊಡತಿಗಳನ್ನು ತುಂಬಿಕೊಂಡು ಬಂದಿಳಿದರು. ಆಮೇಲೆ ಮೂರು ವರ್ಷ, ಹಬ್ಬ ಹರಿದಿನ, ಒಂದು ಮದುವೆ, ಒಂದು ಮುನಿಸು ಬಿಟ್ಟರೆ, ಯಾವ ಭಾನುವಾರವನ್ನೂ ತಪ್ಪಿಸಲಿಲ್ಲ.

ತಗಡು ಬಡಿಯುವುದೆಂದರೆ ಸಿಟ್ಟು ತೀರಿಸಿಕೊಳ್ಳುವ ಕೆಲಸ ಎಂದು ನಾನು ತಿಳಿದಿದ್ದೆ. ಮರಳು ತುಂಬಿದ ತೊಗಲಿನ ಚೀಲದ ಮೇಲೆ ಅಲ್ಯುಮಿನಿಯಂ ಹಾಳೆಯನ್ನಿಟ್ಟು ಶಿವಣ್ಣ ಕೊಡತಿಯಿಂದ ಬಡಿಯುವುದನ್ನು ನೋಡಿದ ಮೇಲೆ ಅಭಿಪ್ರಾಯ ಬದಲಾಯಿತು. ಮಗುವಿನ ಬೆನ್ನು ತಟ್ಟಿ ಮಲಗಿಸುವ ಹಾಗಿತ್ತು ಅದು. ಹತ್ತು ಏಟು, ಆಮೇಲೆ ಅಂಗೈಯಿಂದ ಒಮ್ಮೆ ಸವರುವುದು, ಮತ್ತೆ ಹತ್ತು ಏಟು. ಹಲಸಿನ ಹಲಗೆಗಳನ್ನು ಕಾರಿನ ಆಕಾರಕ್ಕೆ ಕೊಯ್ದು ಜೋಡಿಸಿದ್ದ ಅಚ್ಚಿನ ಮೇಲೆ ಅದನ್ನಿಟ್ಟು ನೋಡುವರು. ಕೂರದಿದ್ದರೆ ಮತ್ತೆ ಚೀಲಕ್ಕೆ.

ಬಡಿದಷ್ಟೂ ಅಲ್ಯುಮಿನಿಯಂ ಗಡುಸಾಗುತ್ತದೆ. ಗಡುಸಾದದ್ದನ್ನು ಇನ್ನೂ ಬಡಿದರೆ ಸೀಳುತ್ತದೆ. ಆಗ ಅದನ್ನು ಕಾಯಿಸಿ ಮೆದು ಮಾಡಬೇಕು. ಎಷ್ಟು ಕಾಯಿಸಬೇಕು ಎನ್ನುವುದೇ ಕಷ್ಟ, ಏಕೆಂದರೆ ಕಾದ ಅಲ್ಯುಮಿನಿಯಂ ಕಬ್ಬಿಣದ ಹಾಗೆ ಕೆಂಪಾಗುವುದಿಲ್ಲ. ಕೊನೆಯವರೆಗೂ ಏನೂ ಆಗದವರಂತೆ ಇದ್ದು ಇದ್ದಕ್ಕಿದ್ದಂತೆ ಕರಗಿ ಬೀಳುತ್ತದೆ. ಇಂಥ ಸ್ವಭಾವದ ಇಬ್ಬರು ಪ್ರಿನ್ಸಿಪಾಲರ ಕೈಕೆಳಗೆ ನಾನು ಕೆಲಸ ಮಾಡಿದ್ದೇನೆ. ಶಿವಣ್ಣ ತಗಡಿಗೆ ಬಟ್ಟೆಸೋಪು ಉಜ್ಜಿ ಉರಿ ಹಿಡಿಯುತ್ತಿದ್ದರು. ಸೋಪಿನ ಗೆರೆ ಕಪ್ಪಾದರೆ ಸಾಕು, ತಗಡು ಮೆದುವಾಯಿತೆಂದು ಅರ್ಥ. ಬಚ್ಚಲಿನ ಸೋಪುಗಳು ಮಾಯವಾಗತೊಡಗಿದಾಗ ಸರೋಜ ಕೇಳಿದಳು: "ಅಲ್ಲಾ ಕಣ್ರೀ, ಕಾರು ಕಟ್ತಿದ್ದೀರೋ, ಒಗೀತಿದ್ದೀರೋ?"

ನಮ್ಮ ಸೀಮೆಯ ದೇವಸ್ಥಾನಗಳ ಬಳಪದ ಕಲ್ಲಿನ ಗುಣ ಇದಕ್ಕೆ ತಿರುವುಮುರುವು. ಅಗೆದು ತೆಗೆದಾಗ ಮೆದು, ಗಾಳಿ ತಾಕುತ್ತಾ ತಾಕುತ್ತಾ ಗಟ್ಟಿ. ಶಿಲ್ಪಿ ಕಲ್ಲು ಗಟ್ಟಿಯಾಗುವುದರೊಳಗೆ ಮುಗಿಸಬೇಕಿತ್ತು. ನಮ್ಮದಾದರೋ ಗಟ್ಟಿಯಾದದ್ದನ್ನು ಮತ್ತೆ ಮತ್ತೆ ಹಿಂದಕ್ಕೆ ಕರೆತರುವ ಕೆಲಸ. ಶಿವಣ್ಣನಿಗೆ ಇದನ್ನು ಕೂಗಿ ಹೇಳಿದೆ. "ನಮ್ದೇ ವಾಸಿ ಬುಡಿ, ತಪ್ಪಾದ್ರೆ ತಿದ್ಕಬೋದು" ಎಂದರು.

ತಪ್ಪು ನನ್ನಿಂದಲೇ ಆಯಿತು. ಮೂರನೆಯ ವರ್ಷ, ಶಿವಣ್ಣ ಪರಿಚಯದ ಮೆಕ್ಯಾನಿಕ್ಕನಿಂದ ಎಂಜಿನ್ ಕೂರಿಸಿ, ಕಾರಿನ ಮೈಯನ್ನೂ ಮುಗಿಸಿದ್ದರು. ಕಾಲೇಜಿನ ಜೊತೆಯವರು ನೋಡಲು ಬರುತ್ತೇವೆಂದರು. ಹೊರಗಿನವರ ಕಣ್ಣಿಂದ ನೋಡಿದಾಗ ಕಾರಿನ ಮೂತಿಯ ತುಂಬ ಕೊಡತಿಯ ಗುರುತುಗಳು ಕಂಡವು. ಬೆಳಕು ಓರೆಯಾಗಿ ಬಿದ್ದರೆ ಕೆರೆಯ ನೀರಿನ ಮೇಲೆ ಗಾಳಿ ಬೀಸಿದ ಹಾಗೆ ಸಣ್ಣ ಸಣ್ಣ ಅಲೆಗಳು. ನನಗೆ ನಾಚಿಕೆಯಾಯಿತು. ಶಿವಣ್ಣ ಮೊಮ್ಮಗಳ ಮದುವೆಗೆಂದು ಎರಡು ಭಾನುವಾರ ಬಂದಿರಲಿಲ್ಲ. ಆ ಸಂದಿನಲ್ಲಿ ನಾನೊಬ್ಬ ಪೇಂಟರನ್ನು ಕರೆಸಿ, ಗುರುತುಗಳಿಗೆಲ್ಲ ತಗ್ಗು ತುಂಬುವ ಪಟ್ಟಿ ಲೇಪ ಮೆತ್ತಿಸಿ, ಉಜ್ಜಿಸಿ, ಫಳಫಳ ಕೆಂಪು ಬಣ್ಣ ಹೊಡೆಸಿದೆ. ಬಂದವರು ಹೊಗಳಿದರು. "ಫ್ಯಾಕ್ಟರಿಯಿಂದ ಬಂದ ಹಾಗಿದೆ" ಎಂದರು. ನಾನು ಉಬ್ಬಿದೆ.

ಅದರ ಮಾರನೆಯ ಭಾನುವಾರ ಶಿವಣ್ಣ ಬಂದರು. ಬಾಗಿಲಲ್ಲೇ ನಿಂತರು. ಹತ್ತಿರ ಬಂದು, ಎಂದಿನಂತೆ ಅಂಗೈಯಿಂದ ಮೂತಿಯನ್ನು ಸವರಿದರು.

"ಯಾರು ಮಾಡಿದ್ದು ಇದ್ನ?"

"ಸ್ವಲ್ಪ ನುಣುಪಾಗಿರಲಿ ಅಂತ..."

"ನುಣುಪೇ ಬೇಕಿದ್ರೆ ಪ್ಲಾಸ್ಟಿಕ್ಕು ತಂದು ಅಂಟಿಸ್ಕಬೋದಾಗಿತ್ತಲ್ಲ ಮೇಷ್ಟ್ರೇ. ನನ್ಯಾಕ್ ಕರೆಸಿದ್ರಿ?"

ಕೊಡತಿಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟೇಬಿಟ್ಟರು. ಸರೋಜ ಕಾಫಿ ಹಿಡಿದು ಬಂದವಳು ಲೋಟದೊಡನೆ ಗೇಟಿನವರೆಗೆ ಓಡಿದಳು. ಶಿವಣ್ಣ ನಿಲ್ಲಲಿಲ್ಲ. ಕಿವಿ ಕೇಳದವರಿಗೆ ಕರೆದದ್ದು ಕೇಳಿಸಲಿಲ್ಲ ಎನ್ನುವ ಅನುಕೂಲ ಇದ್ದೇ ಇರುತ್ತದೆ.

ನಾಲ್ಕು ಭಾನುವಾರ ಖಾಲಿ ಹೋದವು. ಮೊದಲೆರಡು ವಾರ ನನಗೆ ಸಿಟ್ಟೇ ಇತ್ತು. ಕಾರು ನನ್ನದು, ಬಣ್ಣ ನನ್ನಿಷ್ಟ ಎಂದು ಸರೋಜಳ ಮುಂದೆ ವಾದಿಸಿದೆ. ಅವಳು ಹೈಸ್ಕೂಲಿನಲ್ಲಿ ಹಿಂದಿ ಟೀಚರು. ತಪ್ಪು ಉತ್ತರವನ್ನು ಪೂರ್ತಿ ಓದಿ ಆಮೇಲೆ ಗೀಟು ಹಾಕುವ ಅಭ್ಯಾಸ. ನಾನು ಮುಗಿಸುವವರೆಗೆ ಕಾದು, "ಅವರಿಗೆ ಬೇಜಾರಾಗಿದ್ದು ಬಣ್ಣಕ್ಕಲ್ಲ" ಎಂದಷ್ಟೇ ಹೇಳಿ ಒಳಗೆ ಹೋದಳು.

ಮೂರನೆಯ ವಾರ ಬಸ್ಸು ಹಳೇಬೀಡಿನಲ್ಲಿ ನಿಂತಾಗ ಅಪರೂಪಕ್ಕೆ ಎಚ್ಚರವಿದ್ದೆ. ಹಿಂದಿನ ದಿನ ತರಗತಿಯಲ್ಲಿ ನಾನೇ ಹೇಳಿದ್ದ ಪಾಠ ತಲೆಯಲ್ಲಿತ್ತು. ಹೊಯ್ಸಳರ ಕಾಲದ ಶಿಲ್ಪಿಗಳು ತಾವು ಕೆತ್ತಿದ ವಿಗ್ರಹದ ಬುಡದಲ್ಲಿ ತಮ್ಮ ಹೆಸರನ್ನೂ ಕೆತ್ತುತ್ತಿದ್ದರು, ಕೆಲವರು ಬಿರುದು ಬಾವಲಿಗಳ ಸಮೇತ. ವರ್ಷ ವರ್ಷವೂ ಇದನ್ನು ಬಹಳ ಅಭಿಮಾನದಿಂದ ಹೇಳುತ್ತೇನೆ. ಶಿವಣ್ಣ ಎಷ್ಟು ಬಸ್ಸುಗಳ ಮೈ ತಿದ್ದಿದ್ದಾರೋ ಅವರಿಗೇ ಲೆಕ್ಕವಿಲ್ಲ. ನಾನು ಕೂತಿದ್ದ ಬಸ್ಸನ್ನೂ ತಿದ್ದಿರಬಹುದು. ಆದರೆ ಅವರ ಕಸುಬಿನ ನಿಯಮವೇ ಬೇರೆ. ಕೆಲಸ ಚೆನ್ನಾಗಿದ್ದಷ್ಟೂ ಅಲ್ಲಿ ಯಾರೋ ಕೆಲಸ ಮಾಡಿದ್ದಾರೆ ಎಂಬುದು ಕಾಣಬಾರದು. ನಲವತ್ತು ವರ್ಷ ತನ್ನ ಗುರುತನ್ನು ತಾನೇ ಅಳಿಸುತ್ತಾ ಬಂದ ಮನುಷ್ಯ ಮೊದಲ ಸಲ ತನ್ನದೆಂದು ಒಂದನ್ನು ಮಾಡಿ ಗುರುತು ಉಳಿಸಿದ್ದರು. ಅದರ ಮೇಲೆ ನಾನು ಪಟ್ಟಿ ಮೆತ್ತಿದ್ದೆ.

ಅರಸೀಕೆರೆಗೆ ಹೋದೆ. ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಅವರ ಮನೆ. ಶಿವಣ್ಣ ಜಗುಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ನನ್ನನ್ನು ಕಂಡು ತಲೆಯಾಡಿಸಿ ಮತ್ತೆ ಕಾಯಿಯ ಕಡೆ ನೋಡಿದರು.

"ತಪ್ಪಾಯ್ತು ಶಿವಣ್ಣ" ಎಂದೆ.

"ಆಂ?" ಕಿವಿಗೆ ಕೈ ಹಿಡಿದರು.

"ತಪ್ಪಾಯ್ತು ಅಂದೆ!"

"ಏನ್? ಏನಂದ್ರಿ?"

"ನನ್ನಿಂದ ತಪ್ಪಾಯ್ತು! ಕ್ಷಮಿಸಿಬಿಡಿ!"

ಎದುರುಮನೆಯ ಹೆಂಗಸು ಗುಡಿಸುವುದನ್ನು ನಿಲ್ಲಿಸಿ ನೋಡಿದಳು. ಪಕ್ಕದ ಮನೆಯ ಕಿಟಕಿ ತೆರೆಯಿತು. ಸೈಕಲ್ಲಿನಲ್ಲಿ ಹೋಗುತ್ತಿದ್ದವನೊಬ್ಬ ಕಾಲೂರಿ ನಿಂತ. ಶಿವಣ್ಣ ನಿಧಾನವಾಗಿ ಇನ್ನೆರಡು ಕಾಯಿ ಬಿಡಿಸಿದರು.

"ಮೊದಲ್ನೇ ಸಲಕ್ಕೇ ಕೇಳುಸ್ತು ಬುಡಿ" ಎಂದರು. "ಬತ್ತೀನಿ ಭಾನ್ವಾರ."

ಆ ಬಣ್ಣವನ್ನೂ ಪಟ್ಟಿಯನ್ನೂ ಕೆರೆದು ತೆಗೆಯುವುದು ಹಚ್ಚುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನ ಕೆಲಸ. ಶಿವಣ್ಣ ಕೈ ಹಚ್ಚಲಿಲ್ಲ. ಸ್ಟೂಲಿನ ಮೇಲೆ ಕೂತು "ಅಲ್ಲಿ ಉಳುದೈತೆ ನೋಡಿ" ಎಂದು ತೋರಿಸುತ್ತಿದ್ದರು. ಎರಡು ತಿಂಗಳು ನಾನೇ ಉಜ್ಜಿದೆ. ಜೀವನದಲ್ಲಿ ಕೈಯಿಂದ ನಾನು ಪೂರ್ತಿ ಮಾಡಿದ ಕೆಲಸವೆಂದರೆ ಅದೊಂದೇ.

ಇನ್ನು ಓಡಿಸಬೇಕು. ನೋಂದಣಿ ಹೇಗೆಂದು ವಿಚಾರಿಸಲು ಹೋದಾಗ ಅಧಿಕಾರಿಯೊಬ್ಬರು ಫೋಟೋವನ್ನು ಬಹಳ ಹೊತ್ತು ಪ್ರೀತಿಯಿಂದಲೇ ನೋಡಿ, "ಸಾರ್, ಇದು ನಮ್ಮ ಫಾರಮ್ಮಿನ ಯಾವ ಕಾಲಮ್ಮಿಗೂ ಕೂರಲ್ಲ" ಎಂದರು. ರಸ್ತೆಗೆ ಇಳಿಸುವಂತಿಲ್ಲ. ಹಾಗಾಗಿ ಬೇಸಗೆಯಲ್ಲಿ ಕೆರೆಯ ಅಂಗಳ ಒಣಗುವವರೆಗೆ ಕಾದು, ಒಂದು ಮಧ್ಯಾಹ್ನ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಕಾರನ್ನು ಹೇರಿಕೊಂಡು ಹೋಗಿ ಇಳಿಸಿದೆವು. ರೇಸ್ ಕಾರು ಟ್ರ್ಯಾಕ್ಟರಿನ ಮೇಲೆ ಹೋಗುವುದನ್ನು ನೋಡಿ, "ಏನ್ಲಾ, ಕೆಟ್ಟೋಯ್ತಾ?" ಎಂದು ದಾರಿಯಲ್ಲಿದ್ದವರು ತಮ್ಮತಮ್ಮಲ್ಲೇ ಕೇಳಿಕೊಂಡರು.

ಎರಡು ಸಲ ಎಂಜಿನ್ ಕೆಮ್ಮಿ ಸುಮ್ಮನಾಯಿತು. ಮೂರನೆಯ ಸಲ ಹಿಡಿಯಿತು. ಕ್ಲಚ್ಚು ಬಿಟ್ಟೆ. ಆಮೇಲೆ ಏನಾಯಿತೆಂದು ಕ್ರಮವಾಗಿ ಹೇಳಲಾರೆ. ನೆಲ ಬಹಳ ಹತ್ತಿರವಿತ್ತು. ಒಣಗಿ ಬಿರಿದ ಕೆಸರಿನ ಹೆಂಟೆಗಳು ಚಕ್ರದಡಿ ಪಟಪಟ ಒಡೆಯುತ್ತಿದ್ದವು. ಮುಖಕ್ಕೆ ಧೂಳು, ಕಣ್ಣಲ್ಲಿ ನೀರು. ಬೆಳ್ಳಕ್ಕಿಗಳು ಎದ್ದವು. ವೇಗ ನಲವತ್ತೂ ದಾಟಿರಲಿಕ್ಕಿಲ್ಲ, ನಮ್ಮ ಬಸ್ಸೇ ಇದಕ್ಕಿಂತ ಜೋರು. ಆದರೂ ನಾನು ಹಲ್ಲು ಕಚ್ಚಿ ಕೂತಿದ್ದೆ.

ಆಮೇಲೆ ಶಿವಣ್ಣನನ್ನು ಕೂರಿಸಿದೆವು. ಅಷ್ಟೊಂದು ಗಾಡಿಗಳ ಮೈ ತಟ್ಟಿದ ಆ ಮನುಷ್ಯ ಒಮ್ಮೆಯೂ ಒಂದನ್ನೂ ಓಡಿಸಿರಲಿಲ್ಲ. "ನಂಗ್ ಬರಾಕಿಲ್ಲ ಕಣ್ರೀ" ಎನ್ನುತ್ತಲೇ ಕೂತರು. ಒಂದನೇ ಗೇರಿನಲ್ಲೇ ಪೂರ್ತಿ ಒಂದು ಸುತ್ತು ಹೋದರು. ಎಂಜಿನ್ ಅರಚುತ್ತಿತ್ತು, ನಾವು ಗೇರು ಬದಲಿಸಿ ಎಂದು ಅರಚುತ್ತಿದ್ದೆವು. ಅವರಿಗೆ ಎರಡೂ ಕೇಳಿಸಲಿಲ್ಲ. ಒಂದು ಕೈಯಲ್ಲಿ ಸ್ಟೀರಿಂಗ್, ಇನ್ನೊಂದು ಕೈಯನ್ನು ಹೊರಗೆ ಚಾಚಿ ಕಾರಿನ ಮೈಮೇಲೆ ಇಟ್ಟುಕೊಂಡಿದ್ದರು. ಇಳಿದಾಗ ಆ ಅಂಗೈಯನ್ನು ನನ್ನ ಮುಂದೆ ಹಿಡಿದು, "ಜುಂ ಅಂತೈತೆ" ಎಂದು ಮಾತ್ರ ಹೇಳಿದರು.

ಅಲ್ಲಿಗೆ ಎಲ್ಲ ಮುಗಿಯಿತೆಂದುಕೊಂಡೆ. ಆದರೆ ಮುಂದಿನ ಭಾನುವಾರ ಬೆಳಗ್ಗೆ ಗೇಟಿನ ಸದ್ದಾಯಿತು. ಶಿವಣ್ಣ, ಹೆಗಲ ಮೇಲೆ ಗೋಣಿಚೀಲ.

"ಇನ್ನೇನೂ ಕೆಲಸ ಉಳಿದಿಲ್ವಲ್ಲ ಶಿವಣ್ಣ" ಎಂದು ಕೂಗಿದೆ.

"ಗೊತ್ತು ಕಣ್ರೀ. ಕಾಲು ಬಸ್ಸು ಹತ್ಬುಡ್ತು."

ಇಬ್ಬರೂ ಹೋಗಿ ಶೆಡ್ಡಿನಲ್ಲಿ ಕಾರಿನ ಮುಂದೆ ಕೂತೆವು. ಮಾಡುವುದಕ್ಕೇನೂ ಇರಲಿಲ್ಲ. ಸರೋಜ ಕಾಫಿ ತಂದು ಕೊಟ್ಟು, ಹೋಗದೆ, ಕಾರಿನ ಸುತ್ತ ಒಂದು ಸುತ್ತು ಬಂದಳು.

"ಮೂರು ವರ್ಷದಿಂದ ಕೇಳಬೇಕು ಅಂತಿದ್ದೆ. ಇದರಲ್ಲಿ ಒಬ್ಬರೇ ಅಲ್ವಾ ಕೂರೋದು?"

ಇದು ನಮ್ಮಿಬ್ಬರಿಗೂ ಹೊಳೆದೇ ಇರಲಿಲ್ಲ. ಓದಿದವನೆಂಬ ಕಾರಣಕ್ಕೆ ನನಗೆ ಹೆಚ್ಚು ನಾಚಿಕೆಯಾಗಬೇಕಿತ್ತು. ಕ್ಷೌರದಂಗಡಿಯ ಆ ಚಿತ್ರದ ಕಾಲದ ರೇಸ್ ಕಾರುಗಳಲ್ಲಿ ಬಹಳಷ್ಟಕ್ಕೆ ಎರಡು ಸೀಟಿರುತ್ತಿದ್ದವು. ಓಡಿಸುವವನ ಪಕ್ಕದಲ್ಲಿ ಇನ್ನೊಬ್ಬ ಕೂತು, ಎಣ್ಣೆ ಪಂಪು ಮಾಡುತ್ತಾ, ಚಕ್ರಗಳ ಮೇಲೆ ಕಣ್ಣಿಟ್ಟು, ಹಿಂದೆ ಯಾರು ಬರುತ್ತಿದ್ದಾರೆಂದು ನೋಡಿ ಹೇಳುತ್ತಿದ್ದ. ಗೆದ್ದಾಗ ಪೇಪರಿನಲ್ಲಿ ಬರುತ್ತಿದ್ದದ್ದು ಹೆಚ್ಚಾಗಿ ಓಡಿಸಿದವನ ಹೆಸರು. ಇದನ್ನೆಲ್ಲ ಓದಿಯೂ ಒಂದೇ ಸೀಟಿನ ಕಾರನ್ನು ಆರಿಸಿಕೊಂಡವನು ನಾನು. ಅದನ್ನು ಇಬ್ಬರು ಸೇರಿ ಕಟ್ಟಿದ್ದೆವು, ಮೂರನೆಯವಳು ಕಾಫಿ ಮಾಡಿಕೊಟ್ಟಿದ್ದಳು.

ಅವಳು ಹೇಳಿದ್ದು ಶಿವಣ್ಣನಿಗೆ ಹೇಗೆ ಕೇಳಿಸಿತೋ ಗೊತ್ತಿಲ್ಲ. ಲೋಟ ಕೆಳಗಿಟ್ಟು, ಚೀಲದಿಂದ ಅಳತೆಯ ಟೇಪು ತೆಗೆದರು. "ಟೀಚರಮ್ಮ, ಬನ್ನಿ ಇಲ್ಲಿ. ಈ ಸ್ಟೂಲ್ ಮ್ಯಾಲೆ ಕೂತ್ಕಳಿ. ಕಾಲು ನೀಡ್ಕಳಿ, ಹಂಗೇ."

ಸರೋಜ ಸೆರಗು ಸಿಕ್ಕಿಸಿಕೊಂಡು ಕೂತಳು. ಕಾಲು ಮುಂದಕ್ಕೆ ಚಾಚಿದಳು. ಆಮೇಲೆ, ಯಾರೂ ಹೇಳದಿದ್ದರೂ, ಬೆನ್ನನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ, ಎದುರಿನ ಗೋಡೆಯ ಆಚೆ ಎಲ್ಲೋ ದೂರ ದೃಷ್ಟಿಯಿಟ್ಟು, ಗಾಳಿಗೆ ಕಣ್ಣು ಕಿರಿದು ಮಾಡಿದಳು.

"ಮೇಷ್ಟ್ರೇ, ಆ ತುದಿ ಹಿಡ್ಕಳಿ" ಎಂದರು ಶಿವಣ್ಣ. ಹಿಡಿದುಕೊಂಡೆ.