ಬಾರದ ಜೇನಿಗೆ ಎಳೆದ ಗೆರೆಗಳು

ಸಿಹಿಗುಂಬಳದ ಗಂಡು ಹೂವನ್ನು ಬೆಳಗ್ಗೆ ಕಿತ್ತರೆ ಬೆರಳಿಗೆ ಹಳದಿ ಪುಡಿ ಅಂಟುತ್ತದೆ, ಜೊತೆಗೆ ಹಸಿಹಸಿಯಾದೊಂದು ಸಿಹಿ ವಾಸನೆ. ನಿಮ್ಮ ಹಿತ್ತಿಲಲ್ಲೂ ಬಳ್ಳಿಯಿದ್ದಿದ್ದರೆ ಗೊತ್ತಿರುತ್ತದೆ. ನಿಮಗೆ ಅದು ಪಲ್ಯವನ್ನು ನೆನಪಿಸಬಹುದು. ನಾನು ಇವತ್ತಿಗೂ ಯಾರಾದರೂ ನೋಡಿದರೇನೋ ಅಂತ ಬೆರಳು ಒರೆಸಿಕೊಳ್ಳುತ್ತೇನೆ. ತೊಂಬತ್ತರ ದಶಕದ ಕೊನೆ, ವಿದ್ಯಾರಣ್ಯಪುರಂನಲ್ಲಿ ನಮ್ಮ ಹೆಂಚಿನ ಮನೆ. ಅಪ್ಪ, ಅಮ್ಮ, ಅಜ್ಜಿ, ನಾನು, ಮತ್ತೆ ಅಪ್ಪನ ತಂಗಿ ತೆರೇಸಾ ಅತ್ತೆ. ಅತ್ತೆ ಕಾಲೇಜಿನಲ್ಲಿ ಪಾಠ ಹೇಳುತ್ತಾ, ಊರಲ್ಲಿ ಜೇನುಹುಳುಗಳು ಕಡಿಮೆಯಾಗುತ್ತಿವೆಯೇ ಎಂದು ಸಂಶೋಧನೆ ಮಾಡುತ್ತಿದ್ದಳು.

ಬೆಳಗ್ಗೆ ಆರಕ್ಕೆ ಹಿತ್ತಿಲಲ್ಲಿ ಮಣೆ ಹಾಕಿಕೊಂಡು ಕೂತರೆ ಹೂ ಬಾಡುವ ತನಕ ಏಳುತ್ತಿರಲಿಲ್ಲ. ಹೆಣ್ಣು ಹೂವಿಗೆಲ್ಲ ಬಣ್ಣದ ದಾರ ಕಟ್ಟಿರುತ್ತಿದ್ದಳು. ಜೇನು ಬಂದು ಕೂತರೆ ನೋಟ್‌ಬುಕ್ಕಿನಲ್ಲಿ ಒಂದು ಗೆರೆ. ಯಾವ ದಾರದ ಹೀಚು ಕಾಯಿ ಕಚ್ಚಿತು, ಯಾವುದು ಹಳದಿಯಾಗಿ ಉದುರಿತು ಅನ್ನುವುದಕ್ಕೆ ಬೇರೆ ಪುಟ. ಅಜ್ಜಿಗೆ ಇದೆಲ್ಲ ಹುಡುಗಾಟ. ಅವಳು ಗಂಡು ಹೂವಿನ ಎಸಳು ಸುಲಿದು, ಒಳಗಿನ ಹಳದಿ ಪುಡಿಯನ್ನು ಹೆಣ್ಣು ಹೂವಿಗೆ ಸವರಿ, ಬೇಕಾದಷ್ಟು ಕಾಯಿ ಬಿಡಿಸುತ್ತಿದ್ದವಳು. ಬಳ್ಳಿ ಮುಟ್ಟಬೇಡವೆಂದು ಅತ್ತೆ ಕೈಮುಗಿದ ಮೇಲೆ ಗೊಣಗಿಕೊಂಡು ಬಿಟ್ಟಿದ್ದಳು. ಊರಂಚಿನ ಹಿನಕಲ್‌ನ ಹೊಲವೊಂದರಲ್ಲೂ ಅತ್ತೆ ಇದೇ ಲೆಕ್ಕ ಇಡುತ್ತಿದ್ದಳು. ಸುತ್ತಲಿನ ಹೊಲಗಳು ಸೈಟುಗಳಾಗುತ್ತಾ ಬಂದ ಹಾಗೆ ಅಲ್ಲಿನ ಪುಟಗಳಲ್ಲಿ ಗೆರೆಗಳು ಕಾಣೆಯಾದವು. ಅಲ್ಲಿಗೆ ಹೋಗಿಬಂದ ದಿನ ಅತ್ತೆ ಅನ್ನ ಕಲಸಿ ಕಲಸಿ ಹಾಗೇ ಎದ್ದುಬಿಡುತ್ತಿದ್ದಳು. ಅದನ್ನು ನೋಡಿ ನಾನೂ ತಟ್ಟೆ ಬಿಟ್ಟು ಏಳುತ್ತಿದ್ದೆ.

ಒಂದು ವರ್ಷ ಹಿನಕಲ್ ಕೆಲಸವೇ ಹೆಚ್ಚಾಗಿ ನಮ್ಮ ಹಿತ್ತಿಲ ಕಾವಲು ಪೂರ್ತಿ ನನ್ನ ಪಾಲಿಗೆ ಬಂತು. ನನಗಾಗ ಹತ್ತು ವರ್ಷ. ಶಾಲೆಗೆ ಹೊರಡುವ ತನಕ ಕೂರಬೇಕು. ಜೇನು ಬಂದರೆ ಗೆರೆ, ಬರದಿದ್ದರೆ ಸೊನ್ನೆ. "ಸೊನ್ನೆನೂ ನಂಗೆ ಬೇಕು ಕಣೇ, ಬರೆಯಕ್ಕೆ ನಾಚ್ಕೋಬೇಡ," ಅಂದಿದ್ದಳು. ಮೊದಲ ದಿನ ಒಂದೂ ಬರಲಿಲ್ಲ. ಎರಡನೇ ದಿನವೂ ಇಲ್ಲ. ಇಲ್ಲೂ ಸೊನ್ನೆ ಕಂಡರೆ ಅತ್ತೆ ಊಟ ಬಿಟ್ಟೇಬಿಡುತ್ತಾಳೆ ಅಂತ ಹೆದರಿ ನಾಲ್ಕು ಗೆರೆ ಎಳೆದೆ. ಎಳೆದ ಮೇಲೆ ಇನ್ನೊಂದು ಭಯ: ಜೇನು ಕೂತ ಹೂವು ಕಾಯಿ ಕಚ್ಚಬೇಕಲ್ಲ? ಅಜ್ಜಿ ಮಾಡುತ್ತಿದ್ದ ಹಾಗೆ ಗಂಡು ಹೂ ಕಿತ್ತು ಸವರಿದೆ, ಬೆರಳನ್ನು ಲಂಗಕ್ಕೆ ಒರೆಸಿಕೊಂಡು ಶಾಲೆಗೆ ಓಡಿದೆ. ವಾರದೊಳಗೆ ಹೀಚು ಉಬ್ಬಿತು. ಊರೊಳಗಾದರೂ ಇನ್ನೂ ಇವೆ ನೋಡು ಅಂತ ಅಪ್ಪನಿಗೆ ಹೇಳುತ್ತಾ ಅತ್ತೆ ಎರಡು ಸಲ ಸಾರು ಬಡಿಸಿಕೊಂಡಳು. ಅವಳ ಆ ಮುಖ ನೋಡಿದ ಮೇಲೆ ನಿಲ್ಲಿಸುವುದು ನನ್ನಿಂದಾಗಲಿಲ್ಲ. ಹೂ ಇದ್ದಷ್ಟು ದಿನವೂ ಗೆರೆ ಎಳೆದೆ, ಪುಡಿ ಸವರಿದೆ.

ಚರ್ಚಿನಲ್ಲಿ ಪಾಪನಿವೇದನೆಗೆ ಮಂಡಿಯೂರಿದಾಗ ಫಾದರ್‌ಗೆ ಹೇಳಿದೆ. ಮೂರು ಸಲ ನಮೋ ಮರಿಯಾ ಪ್ರಾರ್ಥನೆ ಹೇಳು, ಅತ್ತೆಗೂ ಹೇಳು ಅಂದರು. ನಮೋ ಮರಿಯಾ ಮೂರೇನು, ಮುನ್ನೂರು ಸಲ ಬೇಕಾದರೂ ಹೇಳುತ್ತಿದ್ದೆ. ಅತ್ತೆಗೆ ಹೇಳುವ ಧೈರ್ಯವೇ ಇರಲಿಲ್ಲ. ಅಷ್ಟರಲ್ಲಿ ಅವಳ ಸಂಶೋಧನೆಯ ಪ್ರಬಂಧ ಟೈಪಿಗೆ ಕೊಡುವ ದಿನ ಬಂತು. ಅವಳ ಅಷ್ಟು ವರ್ಷದ ದುಡಿಮೆಯೊಳಗೆ ನನ್ನ ಸುಳ್ಳೂ ಸೇರಿಹೋಗುತ್ತದಲ್ಲ ದೇವರೇ ಅಂತ, ಬಾಗಿಲಲ್ಲಿ ಅವಳ ಬ್ಯಾಗು ಹಿಡಿದು ಎಳೆದು ಎಲ್ಲ ಹೇಳಿಬಿಟ್ಟೆ. ಬೆನ್ನಿಗೆ ಏಟು ಬೀಳುತ್ತದೆ ಅಂತ ಕಣ್ಣು ಮುಚ್ಚಿದೆ. ಬೀಳಲಿಲ್ಲ. ಅತ್ತೆ ಚಪ್ಪಲಿ ಬಿಟ್ಟು ಹೊಸ್ತಿಲ ಪಕ್ಕ ನೆಲದ ಮೇಲೆ ಕೂತಳು.

"ಹಂಗಾದ್ರೆ ಅವು ಒಂದಿನಾನೂ ಬರ್ಲಿಲ್ವೇನೇ?" ಅಂದಳು.

ಇಲ್ಲ ಅಂತ ತಲೆಯಾಡಿಸಿದೆ. ಪೆನ್ನು ತೆಗೆದು ನನ್ನ ಪುಟಗಳನ್ನೆಲ್ಲ ಒಂದೊಂದಾಗಿ ಹೊಡೆದುಹಾಕಿದಳು. ಪ್ರಬಂಧ ಒಂದು ವರ್ಷ ಮುಂದೆ ಹೋಯಿತು. ಆ ವರ್ಷ ಮಣೆಯ ಮೇಲೆ ಅವಳೇ ಕೂತಳು. ನನ್ನನ್ನು ಬಯ್ಯಲೇ ಇಲ್ಲ. ನೋಟ್‌ಬುಕ್ಕನ್ನು ಮಾತ್ರ ಮತ್ತೆ ನನ್ನ ಕೈಗೆ ಕೊಡಲಿಲ್ಲ. ಬಯ್ದಿದ್ದರೇ ಎಷ್ಟೋ ಚೆನ್ನಾಗಿತ್ತು.

ಆ ಮನೆ ಈಗಿಲ್ಲ. ಹಿತ್ತಿಲಿದ್ದ ಕಡೆ ಯಾರದೋ ಕಾರು ನಿಲ್ಲುತ್ತದೆ. ಅಜ್ಜಿ ಹೋದಳು. ಎಷ್ಟೋ ವರ್ಷದ ಮೇಲೆ, ಮೈ ಹುಷಾರಿಲ್ಲದೆ ಮಲಗಿದ್ದ ಅತ್ತೆ ದಿಂಬಿನ ಕೆಳಗಿಂದ ಅದೇ ನೋಟ್‌ಬುಕ್ಕು ತೆಗೆದು, ಕೊನೆಯಲ್ಲಿ ಇನ್ನೂ ಖಾಲಿ ಪುಟಗಳಿವೆ ಅಂತ ನನ್ನ ಕೈಗಿಟ್ಟಳು. ಆಮೇಲೆ ಅವಳೂ ಹೋದಳು. ರಾಮಕೃಷ್ಣನಗರದ ನನ್ನ ಮನೆಯ ತಾರಸಿಯಲ್ಲಿ ಈಗ ಒಂದು ಕುಂಬಳಬಳ್ಳಿಯಿದೆ. ಸವರಿದರೆ ಕಾಯಿ ಸಿಗುತ್ತದೆ, ಗೊತ್ತು. ಆದರೂ ಮಣೆ ಹಾಕಿಕೊಂಡು ಕೂರುತ್ತೇನೆ. ಇವತ್ತು ಹೂ ಬಾಡುವ ತನಕ ಕಾದೆ. ನಿನ್ನ ಖಾಲಿ ಪುಟದಲ್ಲಿ ಸೊನ್ನೆ ಬರೆದೆ ಅತ್ತೆ, ನಾಚಿಕೊಳ್ಳಲಿಲ್ಲ.