ನಿಮ್ಮ ಜನ ಕುಡಿಯುವುದಿಲ್ಲವಲ್ಲ

ನಮ್ಮದು ದೊಡ್ಡಗಾಜನೂರಿನ ಹತ್ತಿರದ ಲಿಂಗಾಯತರ ಮನೆ. ಅರಿಶಿನ, ಕೋಸು, ಸ್ವಲ್ಪ ಬಾಳೆ. ಅಪ್ಪ ಬೆಳಗ್ಗೆ ಮಿಂದು, ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡೇ ಹೊಲಕ್ಕೆ ಹೋಗುತ್ತಿದ್ದರು. ಊರಿನವರು ಯಾವುದಾದರೂ ಮದುವೆಗೆ ಹೊರಟರೆ ಮನೆಯ ಬೀಗದ ಕೈ ನಮ್ಮಲ್ಲಿ ಕೊಟ್ಟು ಹೋಗುತ್ತಿದ್ದರು. ತಾಳವಾಡಿಯ ಅಂಗಡಿಯವರು ನಮ್ಮವರ ಬಗ್ಗೆ, "ತಿನ್ನೋರಲ್ಲ, ಕುಡಿಯೋರಲ್ಲ, ಮಾತಿಗೆ ತಪ್ಪೋರಲ್ಲ" ಎನ್ನುತ್ತಿದ್ದರು. ಚಿಕ್ಕವಳಿದ್ದಾಗ ನನಗೆ ಅದು ಹೆಮ್ಮೆ. ಹೊಗಳಿಸಿಕೊಳ್ಳಲು ನಾನು ಏನೂ ಮಾಡಬೇಕಿರಲಿಲ್ಲ, ಆ ಮನೆಯಲ್ಲಿ ಹುಟ್ಟಿದ್ದರೆ ಸಾಕಿತ್ತು.

ನಾಲ್ಕೈದು ವರ್ಷದ ಹಿಂದೆ ಅಪ್ಪನಿಗೆ ಊಟ ಸೇರದಾಯಿತು. ಕಾಲು ಊದಿಕೊಂಡಿತು, ಕಣ್ಣು ಹಳದಿಯಾಯಿತು. ನಾನೇ ಅವರನ್ನು ಘಾಟಿಯ ಕೆಳಗಿನ ಸತ್ಯಮಂಗಲದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ನಮಗಿಂತ ಮುಂಚೆ ಒಳಗಿದ್ದವನು ಕೂಲಿ ಮಾಡುವ ಮನುಷ್ಯ. ಬಾಗಿಲು ತೆರೆದೇ ಇದ್ದುದರಿಂದ ಮಾತೆಲ್ಲ ಹೊರಗೆ ಕೇಳಿಸುತ್ತಿತ್ತು. ಡಾಕ್ಟರು ಅವನನ್ನು ತಮಿಳಿನಲ್ಲಿ, "ದಿನಕ್ಕೆ ಎಷ್ಟು ಕುಡಿಯುತ್ತೀಯ?" ಎಂದು ಕೇಳಿದರು. ಮುಟ್ಟುವುದೇ ಇಲ್ಲ ಎಂದು ಅವನು ಮಕ್ಕಳ ಮೇಲೆ ಆಣೆ ಇಟ್ಟ. ಡಾಕ್ಟರು ನಂಬಿದಂತೆ ಕಾಣಲಿಲ್ಲ.

ನಮ್ಮ ಸರದಿ ಬಂತು. ಡಾಕ್ಟರು ಅಪ್ಪನ ಕಣ್ಣು ನೋಡಿದರು, ಹೊಟ್ಟೆ ಅಮುಕಿ ನೋಡಿದರು. ಆಮೇಲೆ ಹಣೆ ನೋಡಿ ಮುಗುಳ್ನಕ್ಕರು. "ಬೆಟ್ಟದ ಮೇಲಿನ ಲಿಂಗಾಯತರಲ್ಲವೇ? ನಿಮ್ಮನ್ನು ಕೇಳುವ ಹಾಗೇ ಇಲ್ಲ. ನಿಮ್ಮ ಜನ ಕುಡಿಯುವುದಿಲ್ಲವಲ್ಲ. ನೀರಿನಿಂದ ಬಂದ ಕಾಮಾಲೆ ಇರಬೇಕು." ಮಾತ್ರೆ ಬರೆದುಕೊಟ್ಟು, ನೀರು ಕಾಯಿಸಿ ಕುಡಿಯಲು ಹೇಳಿದರು. ಅಪ್ಪ ತಲೆ ತಗ್ಗಿಸಿ ಕೈಮುಗಿದರು. ಅದು ವಿನಯ ಅಂದುಕೊಂಡೆ.

ಬಸ್ಸು ಘಾಟಿ ಹತ್ತಿ ದಿಂಬಂನಲ್ಲಿ ಟೀಗೆ ನಿಂತಿತು. ಅಪ್ಪ ಗ್ಲಾಸು ಹಿಡಿದುಕೊಂಡು ಕುಡಿಯದೇ ಕೂತಿದ್ದರು.

"ಆಯಪ್ಪ ಕೇಳಿದ್ರೆ ಏಳ್ಬುಡವಾ ಅಂತಿದ್ದೆ ಮಗ," ಎಂದರು. "ಕೇಳ್ನೇ ಇಲ್ಲ."

"ಏನಪ್ಪ ಏಳಕ್ಕೆ?"

"ನಾನ್ ಕುಡಿತೀನಿ ಕಣವ್ವ. ಬಾಳ ವರ್ಸದಿಂದ."

ಚಾಮರಾಜನಗರದ ಮಂಡಿಗೆ ಕೋಸು ಹಾಕಲು ಹೋದ ದಿನಗಳಲ್ಲಿ ಶುರುವಾಗಿದ್ದು. ಅಲ್ಲಿಂದ ಪಾಕೆಟ್ಟು ತಂದು ಹೊಲದ ಮೋಟಾರು ಮನೆಯಲ್ಲಿ ಬಚ್ಚಿಡುತ್ತಿದ್ದರಂತೆ. ಈಗ ದಿನವೂ ಬೇಕಂತೆ. ಇದನ್ನೆಲ್ಲ ಅವರು ನನ್ನ ಮುಖ ನೋಡದೆ ಹೇಳಿದರು. ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಭಯ. ಬಸ್ಸಿನವರು ಕರೆಯುತ್ತಿದ್ದರು. ನಾನು ಚೀಲ ಇಳಿಸಿಕೊಂಡು, "ವಾಪಸ್ ಹೋಗಣ ಅಪ್ಪ" ಎಂದೆ. ಅವರು ಬೇಡ ಅನ್ನಲಿಲ್ಲ. ಕೆಳಗೆ ಹೋಗುವ ಬಸ್ಸಿಗೆ ಕಾದು ಮತ್ತೆ ಘಾಟಿ ಇಳಿದೆವು.

ಡಾಕ್ಟರು ಹೊರಡುವುದರಲ್ಲಿದ್ದರು. ಅಪ್ಪ ನಿಂತುಕೊಂಡೇ, ತಡವರಿಸುವ ತಮಿಳಿನಲ್ಲಿ, ತಾವೇ ಹೇಳಿದರು. ಡಾಕ್ಟರು ಮತ್ತೆ ಕುರ್ಚಿಯಲ್ಲಿ ಕೂತು, "ಎಲ್ಲರನ್ನೂ ಕೇಳುತ್ತೇನೆ. ನಿಮ್ಮ ಹಣೆ ನೋಡಿ ಬಿಟ್ಟುಬಿಟ್ಟೆ. ನನ್ನದೇ ತಪ್ಪು," ಎಂದರು. ಅಪ್ಪ ಅವರನ್ನೇ ಸಮಾಧಾನ ಮಾಡಿದರು. "ಮರ್ಯಾದೆ ಕೊಟ್ರಿ ಸಾರ್, ಅದ್ರಲ್ಲಿ ತಪ್ಪೇನು."

ಅಂದೇ ಸೇರಿಸಿಕೊಂಡರು. ಸ್ಕ್ಯಾನಿನಲ್ಲಿ ಲಿವರ್ ಕೆಟ್ಟಿರುವುದು ಕಂಡಿತು. ಇನ್ನೂ ಕೈಮೀರಿರಲಿಲ್ಲ. ಕುಡಿತ ಒಮ್ಮೆಗೇ ನಿಂತಿದ್ದಕ್ಕೆ ಅಪ್ಪನ ಕೈ ನಡುಗುತ್ತಿತ್ತು. ಅವ್ವನಿಗೆ ಫೋನಿನಲ್ಲಿ ಹೇಳಲು ಧೈರ್ಯವಾಗದೆ, ಆಕೆ ಬಂದ ಮೇಲೆ ವರಾಂಡದಲ್ಲಿ ಕೂರಿಸಿಕೊಂಡು ಹೇಳಿದೆ. ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು.

"ಪಕ್ಕದಲ್ಲಿ ಮಲ್ಗೋಳ್ಗೆ ವಾಸ್ನೆ ಗೊತ್ತಾಗಕಿಲ್ವಾ?"

"ಮತ್ತೆ ಯಾರ್ಗೂ ಯಾಕವ್ವ ಏಳ್ನಿಲ್ಲ?"

"ಯಾರ್ಗ್ ಏಳ್ಳಿ? ಬ್ಯಾರೆ ಜನದ ಬೀದಿ ಎಂಗುಸ್ರು ಜಗ್ಲಿ ಮ್ಯಾಲೆ ಕುಂತು ಗಂಡನ್ನ ಬೈಕಂಡು, ಅತ್ತು, ಅಗುರಾಗ್ತಾರೆ. ನಮ್ಮೋರಲ್ಲಿ ಕುಡಿಯೋರೇ ಇಲ್ವಲ್ಲ. ನಾನೆಲ್ಲೋಗಿ ಅಳ್ಳಿ?"

ಆ ಮಾತು ನನ್ನಲ್ಲಿ ಬಹಳ ದಿನ ಉಳಿಯಿತು. ಜಾತಿ ಹಿಡಿದು ಬೈದರೆ ಎದುರಾಡಬಹುದು, ಅದು ಅನ್ಯಾಯವೆಂದು ಎಲ್ಲರಿಗೂ ಗೊತ್ತು. ಜಾತಿ ಹಿಡಿದು ಹೊಗಳಿದರೆ ಏನು ಮಾಡುವುದು? ಒಳ್ಳೆಯದನ್ನೇ ಹೇಳಿದ್ದಲ್ಲವಾ ಎನ್ನುತ್ತಾರೆ. ಹೇಳಿದವರ ಮನಸ್ಸಿನಲ್ಲಿ ಕೆಟ್ಟದ್ದೂ ಇರುವುದಿಲ್ಲ, ಆ ಡಾಕ್ಟರ ಮನಸ್ಸಿನಲ್ಲೂ ಇರಲಿಲ್ಲ. ಆದರೂ ಅವರು ಅಪ್ಪನನ್ನು ನೋಡಲಿಲ್ಲ. ಆ ಕೂಲಿಯವನನ್ನೂ ನೋಡಲಿಲ್ಲ. ನಮ್ಮ ಜನ ಕುಡಿಯುವುದಿಲ್ಲ ಎಂಬ ಮಾತಿನೊಳಗೇ ಅವನ ಜನ ಕುಡಿಯುತ್ತಾರೆ ಎಂಬುದೂ ಇತ್ತು. ಅವನ ಆಣೆ ಸುಳ್ಳಾದದ್ದು, ಅಪ್ಪನ ಮೌನ ನಿಜವಾದದ್ದು, ಎರಡೂ ಒಂದೇ ಕೋಣೆಯಲ್ಲಿ.

ಅಪ್ಪ ಈಗ ಕುಡಿಯುವುದಿಲ್ಲ. ಮೊದಲಿನ ಕಸುವಿಲ್ಲ, ಆದರೆ ಹೊಲಕ್ಕೆ ಹೋಗುತ್ತಾರೆ. ವಿಷಯ ಊರಿಗೆ ಗೊತ್ತಾಯಿತು. ಕೆಲವರು ನಮ್ಮ ಬೆನ್ನ ಹಿಂದೆ ಆಡಿಕೊಂಡರು. ನಮ್ಮವರದೇ ಇನ್ನೊಂದು ಮನೆಯ ಹೆಂಗಸು ಒಂದು ಮಧ್ಯಾಹ್ನ ಮೊಸರು ಕೇಳುವ ನೆಪದಲ್ಲಿ ಬಂದು, ಅವ್ವನ ಜೊತೆ ಅಡುಗೆಮನೆಯಲ್ಲಿ ಬಹಳ ಹೊತ್ತು ಕೂತಿದ್ದು ಹೋದಳು. ಏನು ಮಾತಾಡಿದರೆಂದು ನಾನು ಕೇಳಲಿಲ್ಲ.

ಮೊನ್ನೆ ಪಕ್ಕದ ಹೊಲದವರು ಅರಿಶಿನ ಕೀಳಿಸಲು ಆಳು ಗೊತ್ತುಮಾಡಿ ಬಂದು, ನಮ್ಮ ಜಗಲಿಯ ಮೇಲೆ ಕೂತು ಸೋಲಿಗರನ್ನು ಹೊಗಳುತ್ತಿದ್ದರು.

"ಕಾಡಿನ ಜನ ಕಣಣ್ಣ. ಸುಳ್ಳು ಅನ್ನದೇ ಗೊತ್ತಿಲ್ಲ ಅವ್ರ್ಗೆ."

ಅಪ್ಪ ಎಲೆಗೆ ಸುಣ್ಣ ಹಚ್ಚುತ್ತಿದ್ದವರು ಕೈ ನಿಲ್ಲಿಸಿದರು.

"ಅವ್ರ್ಗೂ ಒಂದಿನ ಸುಳ್ಳು ಏಳ್ಬೇಕಾಗಿ ಬಂದ್ರೆ ಏನ್ ಮಾಡಾರಪ್ಪ?"

ಬಂದವರು ತಮಾಷೆಯೆಂದುಕೊಂಡು ಜೋರಾಗಿ ನಕ್ಕರು. ಅಪ್ಪ ನಗಲಿಲ್ಲ.

"ನಿಜ್ವಾಗ್ಲೂ ಕೇಳ್ತಾ ಇವ್ನಿ," ಎಂದರು.