ಮಾವನಿಗೆ ತಲುಪಿಸದ ಮಾತು

ಮಾವ ಬರುವುದಿಲ್ಲ ಎಂದು ಹೇಳಿರಲೇ ಇಲ್ಲ. ಅದು ನಾನು ಕಟ್ಟಿದ ಮಾತು. ಅವರನ್ನು ಕೇಳಬೇಕಾಗಿದ್ದವಳು ನಾನು, ಕೇಳಲಿಲ್ಲ. ಕೇಳಿದೆನೆಂದು ಗಂಡನಿಗೆ ಸುಳ್ಳು ಹೇಳಿ, ಮಾವ ಕೂರಬೇಕಿದ್ದ ಕುರ್ಚಿಯಲ್ಲಿ ನಾನು ಕೂತು, ಹಾಕಿ ವಿಶ್ವಕಪ್ಪಿನ ಫೈನಲ್ ನೋಡಿ ಬಂದೆ.

ನಮ್ಮ ನೆಂಟರಿಷ್ಟರಲ್ಲಿ ನನಗೆ ಒಳ್ಳೆಯ ಸೊಸೆ ಎಂಬ ಹೆಸರಿದೆ. ಮದುವೆ ಮುಂಜಿಗಳಲ್ಲಿ ಯಾರಾದರೂ ಹಾಗೆಂದಾಗಲೆಲ್ಲ ನಕ್ಕು ಸುಮ್ಮನಾಗುತ್ತಿದ್ದೆ. ಇನ್ನು ಹಾಗೆ ನಗಲಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆಯ ಒಂದು ಪದ್ಧತಿಯನ್ನು ಮೊದಲು ಹೇಳಬೇಕು. ನಮ್ಮಲ್ಲಿ ಅಪ್ಪ ಮಗ ನೇರವಾಗಿ ಮಾತಾಡುವುದಿಲ್ಲ. ಜಗಳವೇನೂ ಇಲ್ಲ. ಮಾವ ಕಾರ್ಖಾನೆಯೊಂದರ ಹಾಕಿ ತಂಡದಲ್ಲಿ ಲೆಫ್ಟ್ ಹಾಫ್ ಆಡುತ್ತಿದ್ದವರು. ಆಟದಿಂದ ಕೆಲಸ ಸಿಕ್ಕಿತು, ಆ ಕೆಲಸದಿಂದ ತ್ಯಾಗರಾಜನಗರದಲ್ಲಿ ಈ ಮನೆಯಾಯಿತು. ಮಗನೂ ಆಡಬೇಕೆಂಬ ಆಸೆ ಅವರಿಗೆ. ನನ್ನ ಗಂಡ ಸತೀಶ ಕಾಲೇಜು ಸೇರಿದ ವರ್ಷ ಸ್ಟಿಕ್ಕನ್ನು ಅಟ್ಟಕ್ಕೆ ಹಾಕಿ, ಇನ್ನು ಓದುತ್ತೇನೆ ಎಂದರಂತೆ. ಅಪ್ಪ ಬೈಯಲಿಲ್ಲ. ಬೈದಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತೋ ಏನೋ — ಸುಮ್ಮನಾಗಿಬಿಟ್ಟರು. ಅಂದಿನಿಂದ ಅತ್ತೆ ನಡುವೆ ನಿಂತು ಇಬ್ಬರ ಮಾತನ್ನೂ ದಾಟಿಸಿದರು. ‘ಅವನಿಗೆ ಹೇಳು’, ‘ಅಪ್ಪನ್ನ ಕೇಳು’ — ಅಷ್ಟೇ. ಅತ್ತೆ ತೀರಿಕೊಂಡ ಮೇಲೆ ಬೀರುವಿನ ಬೀಗದ ಕೈ ಜೊತೆಗೆ ಆ ಕೆಲಸವೂ ನನ್ನ ಪಾಲಿಗೆ ಬಂತು.

ಅದರಲ್ಲಿ ನನಗೆ ಸ್ವಲ್ಪ ಜಂಬವೂ ಇತ್ತು. ಪದ್ಮನಾಭನಗರದ ಟ್ಯೂಷನ್ನಿನಲ್ಲಿ ದಿನವಿಡೀ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು ಗಂಟಲು ಒಣಗಿಸಿಕೊಂಡು ಬರುವವಳಿಗೆ, ಮನೆಯಲ್ಲಿ ಇಬ್ಬರು ಗಂಡಸರು ನನ್ನ ಬಾಯನ್ನೇ ಕಾಯುವುದು ಹಿತವಾಗಿರುತ್ತಿತ್ತು. ಒರಟು ಮಾತನ್ನು ಮೆತ್ತಗೆ ಮಾಡಿ ಹೇಳುತ್ತಿದ್ದೆ. ‘ಇನ್ನೂ ಕರೆಂಟ್ ಬಿಲ್ ಕಟ್ಟಿಲ್ವಂತಾ ಅವ್ನು?’ ಎಂದು ಮಾವ ಸಿಡುಕಿದರೆ, ಅದು ನನ್ನ ಬಾಯಲ್ಲಿ ‘ಬಿಲ್ ಬಂದಿದೆ ಅಂತ ಮಾವ ಜ್ಞಾಪಿಸಿದ್ರು’ ಎಂದಾಗುತ್ತಿತ್ತು. ಹೀಗೆ ಮಾತನ್ನು ತಿದ್ದುವುದು ಅಭ್ಯಾಸವಾಯಿತು. ಒಳ್ಳೆಯದಕ್ಕೆಂದೇ ಶುರುವಾದದ್ದು —

ಆ ವರ್ಷ ವಿಶ್ವಕಪ್ ಒಡಿಶಾದಲ್ಲಿತ್ತು. ಭುವನೇಶ್ವರದ ಗೆಳೆಯನೊಬ್ಬನಿಗೆ ಸತೀಶ ಹಾಲ್‌ನಲ್ಲಿ ನಿಂತು ಫೋನ್ ಮಾಡಿ, ಟಿಕೆಟ್ ನೋಡು ಎಂದಿದ್ದರು. ಮುಂಬಾಗಿಲ ಬಳಿ ಪೇಪರ್ ಓದುತ್ತಿದ್ದ ಮಾವನ ಕಿವಿಗೆ ಅದು ಬಿದ್ದಿತ್ತು. ಮಾರನೆಯ ದಿನದಿಂದ ಬೆಳಿಗ್ಗೆ ಅವರು ಮಹಡಿಯ ಮೆಟ್ಟಿಲು ಹತ್ತಿ ಇಳಿಯಲು ಶುರುಮಾಡಿದರು. ನಾನು ಒಗ್ಗರಣೆ ಹಾಕುವ ಹೊತ್ತಿಗೆ ಅವರು ಮೇಲೆ ಹೋದರೆ, ಡಬ್ಬಿ ಕಟ್ಟುವವರೆಗೂ ಅದೇ ಸಪ್ಪಳ. ‘ಏನ್ ಮಾವ, ಹೊಸ ವ್ಯಾಯಾಮ?’ ಎಂದು ರೇಗಿಸಿದೆ. ‘ಸ್ಟೇಡಿಯಂ ಅಂದ್ರೆ ಮೆಟ್ಟಿಲು ಜಾಸ್ತಿ ಇರುತ್ತಲ್ಲಮ್ಮ’ ಎಂದವರು, ಹೇಳಬಾರದ್ದನ್ನು ಹೇಳಿದೆನೇನೋ ಎಂಬಂತೆ ನಾಚಿ, ‘ಸುಮ್ನೆ, ಕಾಲಿಗೆ ಒಳ್ಳೇದು’ ಎಂದು ಮಾತು ಮರೆಸಿದರು.

ಅಂದರೆ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎನ್ನುವ ದಾರಿ ನನಗಿಲ್ಲ.

ಎರಡು ಟಿಕೆಟ್ ಸಿಕ್ಕವು. ಶನಿವಾರ ವಿಮಾನದಲ್ಲಿ ಹೋಗಿ, ಭಾನುವಾರ ಫೈನಲ್ ನೋಡಿ, ಸೋಮವಾರ ಬೆಳಿಗ್ಗೆ ಮನೆಗೆ ಬರುವುದು. ಸತೀಶ ಅಡುಗೆಮನೆಗೆ ಬಂದು, ಹುಡುಗನಂತೆ ಹಿಗ್ಗಿ, ‘ರೇಣು, ಅಪ್ಪನ್ನ ಕೇಳು, ಬರ್ತಾರಾ ಅಂತ. ಅವ್ರು ಬರಲ್ಲ ಅಂದ್ರೆ ನಾವಿಬ್ರೂ ಹೋಗೋಣ’ ಎಂದರು.

ಆ ಎರಡನೆಯ ವಾಕ್ಯವನ್ನು ಅವರು ಹೇಳದಿದ್ದರೆ — ಬೇಡ, ಅದನ್ನು ಅವರ ತಲೆಗೆ ಕಟ್ಟುವುದಿಲ್ಲ. ಮದುವೆಯಾದ ಮೇಲೆ ನಾವಿಬ್ಬರೇ ಎಲ್ಲಿಗೂ ಹೋಗಿರಲಿಲ್ಲ. ಹೋದಲ್ಲೆಲ್ಲ ಅತ್ತೆಯ ಮಾತ್ರೆಯ ಡಬ್ಬಿ, ನಾದಿನಿ ಗಿರಿಜೆಯ ಮಕ್ಕಳು, ಮಾವನ ಬಿಸಿನೀರಿನ ಫ್ಲಾಸ್ಕ್. ನನಗೆ ಹಾಕಿಯ ಗಂಧಗಾಳಿಯೂ ಗೊತ್ತಿಲ್ಲ. ಆದರೆ ಎರಡು ದಿನ, ನಾವಿಬ್ಬರೇ, ಯಾರ ಊಟದ ಹೊತ್ತನ್ನೂ ನೋಡದೆ... ಅಡುಗೆಮನೆಯಿಂದ ಮುಂಬಾಗಿಲಿಗೆ ನಡೆಯುವಷ್ಟರಲ್ಲಿ ಆ ಆಸೆ ಬೆಳೆದುಬಿಟ್ಟಿತು.

‘ಮಾವ, ಇವರಿಗೆ ವಿಶ್ವಕಪ್ ಫೈನಲ್‌ಗೆ ಎರಡು ಟಿಕೆಟ್ ಸಿಕ್ತು’ ಎಂದೆ. ಅವರು ಪೇಪರ್ ಮಡಿಸಿ ಪಕ್ಕಕ್ಕಿಟ್ಟರು. ಕನ್ನಡಕ ತೆಗೆದರು. ಆ ಮುಖ ಅಷ್ಟು ಅರಳಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಅವರು ಬಾಯಿ ತೆರೆಯುವ ಮೊದಲೇ ನಾನು ಸೇರಿಸಿದೆ: ‘ನಮ್ಮಿಬ್ಬರಿಗೆ.’

ಅಷ್ಟೇ ನಾನು ಅಂದದ್ದು.

ಮಾವ ಕನ್ನಡಕವನ್ನು ಪಂಚೆಯ ತುದಿಯಲ್ಲಿ ಒರೆಸಿದರು. ‘ಒಳ್ಳೇದಾಯ್ತಮ್ಮ. ನೀವಿಬ್ರೂ ಹೋಗ್ಬನ್ನಿ. ಗೋಲ್ ಹಿಂದುಗಡೆ ಕೂತ್ಕೋಬೇಡಿ, ಆಟ ಕಾಣ್ಸಲ್ಲ’ ಎಂದರು.

ಒಳಗೆ ಬಂದು ಗಂಡನಿಗೆ ಹೇಳಿದೆ: ‘ಮೊಣಕಾಲು ನೋವಂತೆ, ಅಷ್ಟು ದೂರ ಆಗಲ್ವಂತೆ. ನೀವಿಬ್ರೂ ಹೋಗ್ಬನ್ನಿ ಅಂದ್ರು.’ ಕೊನೆಯ ಮಾತು ನಿಜ. ಅದು ನಿಜವಾದದ್ದರಿಂದಲೇ ಮೊದಲಿನ ಸುಳ್ಳನ್ನು ನನ್ನ ನಾಲಿಗೆ ಸಲೀಸಾಗಿ ಆಡಿತು. ಸತೀಶ ಸಿಂಕಿನಲ್ಲಿ ಕೈ ತೊಳೆದು, ‘ಹಾಗೇ ಅಂತಾರೆ ಅನ್ಕೊಂಡಿದ್ದೆ’ ಎಂದು ಹೊರಟುಹೋದರು.

ಮರುದಿನ ಮೆಟ್ಟಿಲ ಮೇಲೆ ಸಪ್ಪಳವಿರಲಿಲ್ಲ. ಅದರ ಮರುದಿನವೂ ಇರಲಿಲ್ಲ. ಹೊರಡುವುದಕ್ಕೆ ಇನ್ನೂ ದಿನಗಳಿದ್ದವು. ಬೆಳಿಗ್ಗೆ ಒಗ್ಗರಣೆ ಹಾಕುವಾಗಲೆಲ್ಲ ಆ ಮೌನ ಕೇಳುತ್ತಿತ್ತು. ಹೋಗಿ ಹೇಳಿಬಿಡಬಹುದಿತ್ತು — ತಪ್ಪು ಹೇಳಿದೆ ಮಾವ, ಇವರು ಮೊದಲು ಕರೆದದ್ದು ನಿಮ್ಮನ್ನೇ, ಎಂದು. ಹೇಳುವ ಬದಲು ಜಯನಗರ ನಾಲ್ಕನೇ ಬ್ಲಾಕಿಗೆ ಹೋಗಿ ಪ್ರಯಾಣಕ್ಕೆಂದು ಒಂದು ಚೂಡಿದಾರ್ ತಂದೆ. ನನ್ನ ತಪ್ಪು ಆ ಒಂದು ಮಾತಿಗಿಂತ ಹೆಚ್ಚಾಗಿ ಆ ದಿನಗಳಲ್ಲಿದೆ ಎಂದು ಈಗ ಅನ್ನಿಸುತ್ತದೆ.

ಶನಿವಾರ ಸಂಜೆ ಭುವನೇಶ್ವರದ ಬೀದಿಯಲ್ಲಿ ಸತೀಶ ನನ್ನ ಕೈ ಹಿಡಿದುಕೊಂಡು ನಡೆದರು. ನಾನು ಸಂತೋಷವಾಗಿದ್ದೆ. ಅದನ್ನು ಮುಚ್ಚಿಟ್ಟರೆ ಇದೂ ಇನ್ನೊಂದು ಸುಳ್ಳಾಗುತ್ತದೆ.

ಭಾನುವಾರ ಸ್ಟೇಡಿಯಂನಲ್ಲಿ ಆ ಸಂತೋಷ ಇಳಿದುಹೋಯಿತು. ಭಾರತ ಆಗಲೇ ಸೋತು ಹೊರಗಾಗಿತ್ತು, ಆದರೂ ಕುರ್ಚಿಗಳೆಲ್ಲ ತುಂಬಿದ್ದವು. ನನಗೆ ಚೆಂಡೇ ಸರಿಯಾಗಿ ಕಾಣುತ್ತಿರಲಿಲ್ಲ. ಸತೀಶ ವಿವರಿಸುತ್ತಾ ಹೋದರು. ಟಿವಿಯ ಮುಂದೆ ಕೂತು ಮಾವ ತಮ್ಮಷ್ಟಕ್ಕೆ ಗೊಣಗುವ ಮಾತುಗಳೇ ಅವು — ‘ಚೆಂಡು ನೋಡ್ಬೇಡ, ಅವನ ಭುಜ ನೋಡು.’ ಆಟ ಬಿಟ್ಟವರು ಒಂದು ಮಾತನ್ನೂ ಮರೆತಿರಲಿಲ್ಲ. ಮಾವ ಆಡುತ್ತಿದ್ದ ಎಡಗಡೆಯಲ್ಲೇ ಒಬ್ಬ ಹುಡುಗ ಚೆಂಡು ಕಿತ್ತುಕೊಂಡು ಓಡಿದಾಗ ಎದ್ದು ನಿಂತು ಕೂಗಿದರು. ಕೂತಮೇಲೆ ನನ್ನ ಕಡೆ ನೋಡದೆ, ‘ಅಪ್ಪ ಒಂದ್ಸಲ ಬರ್ಬಹುದಿತ್ತು ಅಲ್ವಾ ರೇಣು? ಕರೆದಿದ್ದು ನಾನು ಅಂತ ಬೇಡ ಅನ್ನಿಸ್ತೇನೋ’ ಎಂದರು.

‘ಮೊಣಕಾಲು ನೋವು ಕಣ್ರೀ’ ಎಂದೆ. ಮತ್ತೆ.

ಅಪ್ಪನಿಗೆಂದು ಒಂದು ಟೋಪಿ ಕೊಂಡರು. ಊರಿಗೆ ಬಂದ ಮೇಲೆ ಅದನ್ನೂ ನನ್ನ ಕೈಗೇ ಕೊಟ್ಟು ಕೊಡಿಸಿದರು. ಮಾವ ತಿರುಗಿಸಿ ನೋಡಿ, ‘ಚೆನ್ನಾಗಿದೆ’ ಎಂದು ಪ್ಲಾಸ್ಟಿಕ್ ಕವರಿನ ಸಮೇತ ಗೋಡೆಯ ಮೊಳೆಗೆ ನೇತುಹಾಕಿದರು. ಒಂದು ದಿನವೂ ತಲೆಗಿಡಲಿಲ್ಲ.

ವರ್ಷಗಳು ಕಳೆದವು. ಮಾತು ದಾಟಿಸುವ ಕೆಲಸ ನಡೆದೇ ಇತ್ತು, ಆದರೆ ದಾಟಿಸಲು ಮಾತೇ ಕಡಿಮೆಯಾಗುತ್ತಾ ಬಂತು. ಮಾವ ಟಿವಿಯಲ್ಲಿ ಹಾಕಿ ನೋಡುವುದನ್ನೂ ಬಿಟ್ಟರು. ನಾನು ಅಂದು ಕಟ್ಟಿದ ಮೊಣಕಾಲು ನೋವು ಈಗ ಅವರಿಗೆ ನಿಜಕ್ಕೂ ಬಂದು ಕೂತಿದೆ.

ಹೋದ ತಿಂಗಳು ಮಾವ ನನ್ನನ್ನು ಕರೆದು, ‘ಅವನಿಗೆ ಹೇಳಮ್ಮ, ನಾನು ಅರೆಕೆರೆಗೆ ಹೋಗ್ತೀನಿ, ಗಿರಿಜಾ ಮನೇಲಿರ್ತೀನಿ’ ಎಂದರು. ಯಾಕೆಂದು ಕೇಳಿದೆ. ‘ಅವನಿಗೆ ಅವನ ಸಂಸಾರ ಇದೆ. ನನ್ನ ಅವಶ್ಯಕತೆ ಅವನಿಗೆ ಯಾವತ್ತೂ ಬೀಳ್ಲಿಲ್ಲ ಬಿಡು.’

ಅಡುಗೆಮನೆಯಲ್ಲಿ ಸತೀಶನಿಗೆ ಹೇಳಿದೆ. ಅವರ ಮುಖ ಕಪ್ಪಿಟ್ಟಿತು. ‘ಬೇಡ ಅನ್ನಿ, ಇರಿ ಅನ್ನಿ’ ಎಂದೆ. ‘ಕರೆದಾಗ ಬರದೇ ಇದ್ದವರು, ಇರಿ ಅಂದ್ರೆ ಇರ್ತಾರಾ? ಹೋಗೋದಾದ್ರೆ ಹೋಗ್ಲಿ ಅಂತ ಹೇಳು’ ಎಂದರು.

ಅದೇ ಅಡುಗೆಮನೆ, ಅದೇ ಮುಂಬಾಗಿಲು. ಆ ಮಾತನ್ನು ಹಿಡಿದುಕೊಂಡು ನಾನು ಅರ್ಧ ದಾರಿ ಬಂದೆ. ಅದನ್ನು ಮೆತ್ತಗೆ ಮಾಡುವುದು ಹೇಗೆಂದು ಅಭ್ಯಾಸಬಲದಿಂದ ಯೋಚಿಸುತ್ತಲೂ ಇದ್ದೆ. ಅಲ್ಲಿಗೇ ನಿಲ್ಲಿಸಿದೆ. ಹಿಂದಿರುಗಿ ಸತೀಶನ ಕೈ ಹಿಡಿದು ಎಳೆದುಕೊಂಡು ಬಂದು ಮಾವನ ಮುಂದೆ ನಿಲ್ಲಿಸಿದೆ. ಇಬ್ಬರ ಎದುರಿಗೂ ಎಲ್ಲ ಹೇಳಿದೆ — ‘ಅಪ್ಪನ್ನ ಕೇಳು’ ಎಂದದ್ದು, ‘ನಮ್ಮಿಬ್ಬರಿಗೆ’ ಎಂದದ್ದು, ಮೊಣಕಾಲು, ನಿಂತುಹೋದ ಮೆಟ್ಟಿಲ ಸಪ್ಪಳ.

ಬೀದಿಯಲ್ಲಿ ಸೊಪ್ಪಿನ ಗಾಡಿಯವನು ಕೂಗಿಕೊಂಡು ಹೋದ. ಆಮೇಲೆ ಮಾವ, ಮಗ ಕೈಗೆಟುಕುವಷ್ಟು ಹತ್ತಿರ ನಿಂತಿದ್ದರೂ, ನನ್ನ ಮುಖ ನೋಡಿ ಕೇಳಿದರು: ‘ಅವನು ನನ್ನ ಕರೆದಿದ್ನಾಮ್ಮ?’

‘ಅವರನ್ನೇ ಕೇಳಿ ಮಾವ’ ಎಂದು ಒಳಗೆ ಬಂದೆ.

ಅವರಿಬ್ಬರು ಏನು ಮಾತಾಡಿದರೋ ನನಗೆ ಗೊತ್ತಿಲ್ಲ. ಬಹಳ ಹೊತ್ತು ಹೊರಗೇ ಇದ್ದರು. ಇದರಿಂದ ಎಲ್ಲ ಸರಿಹೋಯಿತು ಎಂದು ಬರೆಯುವ ಹಾಗಿಲ್ಲ. ಮುಂದಿನ ಶನಿವಾರ ಮಾವ ಅರೆಕೆರೆಗೆ ಹೊರಟೇ ಬಿಟ್ಟರು. ಮೊಳೆಯ ಮೇಲಿನ ಟೋಪಿಯನ್ನು ಮಾತ್ರ ತಾವೇ ತೆಗೆದು, ಕವರ್ ಹರಿದು, ಚೀಲದಲ್ಲಿಟ್ಟುಕೊಂಡರು. ಕಾರು ಹತ್ತುವಾಗ ನನ್ನ ಕಡೆ ನೋಡಲಿಲ್ಲ. ಸತೀಶ ನನ್ನನ್ನು ಬೈಯಲಿಲ್ಲ, ಅಪ್ಪನಂತೆಯೇ ಸುಮ್ಮನಾಗಿದ್ದಾರೆ. ಭಾನುವಾರಗಳಲ್ಲಿ ಒಬ್ಬರೇ ಅರೆಕೆರೆಗೆ ಹೋಗಿ ಸಂಜೆ ಬರುತ್ತಾರೆ.

ಹೋದ ಭಾನುವಾರ ಧೈರ್ಯ ಮಾಡಿ, ‘ನಾನೂ ಬರ್ಲಾ? ಮಾವನ ಹತ್ರ ಕ್ಷಮೆ ಕೇಳ್ಬೇಕು’ ಎಂದೆ. ಶೂಗೆ ಲೇಸು ಕಟ್ಟುತ್ತಿದ್ದವರು ತಲೆಯೆತ್ತಲಿಲ್ಲ.

‘ಅಪ್ಪನ್ನ ಕೇಳಿ ಹೇಳ್ತೀನಿ’ ಎಂದರು.

ಬಾಗಿಲು ಹಾಕಿಕೊಂಡು ಸಂಜೆಯವರೆಗೂ ಕಾದೆ. ಬಂದವರು ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳಿದರೋ ಇಲ್ಲವೋ, ಮಾವ ಏನೆಂದರೋ. ಒಂದು ದಿನ ಸತೀಶ ಬಂದು ಹೇಳುತ್ತಾರೆ. ಅವರು ಏನು ಹೇಳಿದರೂ ಅದೇ ಮಾವನ ಮಾತೆಂದು ನಾನು ನಂಬಬೇಕು.